ಅಕ್ಷಯವಾದದ್ದು ಯಾವುದು? – ವೈಶಾಖ ಶುದ್ಧ ತದಿಗೆಯ ಆಚರಣೆಗಳ ಒಂದು ವಿಮರ್ಶೆ

ಪಂಚಾಂಗದಲ್ಲಿ ಕೆಲವು ದಿನಗಳು ಒಬ್ಬರ ಸೊತ್ತಲ್ಲ. ವೈಶಾಖ ಶುದ್ಧ ತದಿಗೆ ಅಂಥ ಒಂದು ದಿನ. ಜೈನರಿಗೆ ಅದು ಭಗವಾನ್ ವೃಷಭನಾಥರ ಪ್ರಥಮ ಪಾರಣೆಯ ದಿನ. ದಾನವೆಂಬುದು ಈ ಭರತಭೂಮಿಯಲ್ಲಿ ಮೊದಲು ಮಾಡಿದ ದಿನ. ಶರಣಪರಂಪರೆಯವರಿಗೆ ಅದು ಬಸವ ಜಯಂತಿ. ವೈದಿಕರಿಗೆ ಪರಶುರಾಮ ಜಯಂತಿ, ಜೊತೆಗೆ ತುಂಬಿದ ಕೊಡವನ್ನು ದಾನ ಮಾಡುವ ಉದಕುಂಭದ ದಿನ. ಬದರಿಯ ಸೀಮೆಯಲ್ಲಿ ಗಂಗೋತ್ರಿ, ಯಮುನೋತ್ರಿಗಳ ಬಾಗಿಲು ತೆರೆಯುವುದೂ, ಪುರಿಯಲ್ಲಿ ಜಗನ್ನಾಥನ ರಥಗಳ ನಿರ್ಮಾಣಕ್ಕೆ ತೊಡಗುವುದೂ ಈ ದಿನವೇ. ಬೆಳಗಾವಿಯ ಗಡಿಸೀಮೆಯಲ್ಲಿ ಇದರ ಹಿಂದಿನ ತಿಥಿಯಾದ ಬಿದಿಗೆಯಂದು ಶಿವಾಜಿ ಮಹಾರಾಜರ ಜಯಂತಿಯನ್ನು ಆಚರಿಸುವ ಹಳೆಯ ರೂಢಿಯೂ ಉಂಟು. 2022ರ ಮೇ 3ರಂದು ಈ ತದಿಗೆಯೂ ಈದ್-ಉಲ್-ಫಿತ್ರ್ ಹಬ್ಬವೂ ಒಂದೇ ದಿನ ಬಂದವು.

ಇಷ್ಟು ಮಂದಿ ಒಂದೇ ದಿನ ಬೇರೆ ಬೇರೆ ಕಾರಣಗಳಿಗಾಗಿ ಸ್ನಾನ ಮಾಡಿ, ಮಡಿಯುಟ್ಟು, ತಮ್ಮ ತಮ್ಮ ಮಂದಿರಗಳಿಗೆ ಹೋಗುವುದು ಸಂತೋಷದ ಸಂಗತಿಯೇ. ಆದರೆ ಮಂದಿರಗಳಿಗೆ ಹೋದವರೆಲ್ಲರೂ ಹಿಂದಿರುಗುವಾಗ ಹೋಗಿ ಸೇರುವ ಇನ್ನೊಂದು ಸ್ಥಳ ಈಚಿನ ದಶಕಗಳಲ್ಲಿ ನಿಶ್ಚಿತವಾಗಿದೆ. ಅದು ಚಿನ್ನದ ಅಂಗಡಿ. ‘ಅಕ್ಷಯ’ ಎಂಬ ಶಬ್ದಕ್ಕೆ ಕ್ಷಯವಿಲ್ಲದ್ದು ಎಂದರ್ಥ. ಕ್ಷಯವಿಲ್ಲದ್ದು ಯಾವುದು ಎಂಬ ಪ್ರಶ್ನೆಗೆ ಪುರಾಣ ಕೊಟ್ಟ ಉತ್ತರ ಒಂದು, ಪೇಟೆ ಕೊಟ್ಟ ಉತ್ತರ ಇನ್ನೊಂದು. ಇವೆರಡರಲ್ಲಿ ಶ್ರಾವಕನ ಮನೆ ಯಾವುದನ್ನು ಒಪ್ಪಿಕೊಂಡಿದೆ ಎಂಬುದನ್ನು ವಿಚಾರಿಸುವುದು ಅವಶ್ಯ. ತುಕ್ಕಾನಟ್ಟಿಯಂತಹ ಊರಿನಲ್ಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಬ್ಬಿನ ಸೀಮೆಯಲ್ಲಿ, ಈ ವಿಚಾರಕ್ಕೆ ವಿಶೇಷವಾದ ಹೊಣೆಯೂ ಸೇರಿಕೊಳ್ಳುತ್ತದೆ. ಏಕೆಂದರೆ ಆ ಮೊದಲ ದಾನದ ದ್ರವ್ಯ ಕಬ್ಬಿನ ರಸ.

ಪುರಾಣ ಹೇಳುವ ಪ್ರಸಂಗ

ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣದ ಇಪ್ಪತ್ತನೆಯ ಪರ್ವದಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ. ಅದರ ಸಾರ ಎಲ್ಲರಿಗೂ ಗೊತ್ತು ಎಂಬ ಭಾವನೆಯಿದೆ. ಆದರೆ ಸಭೆಗಳಲ್ಲಿ ಹೇಳುವಾಗ ಅದರ ಒಂದು ಮುಖ್ಯ ಭಾಗ ಬಿಟ್ಟುಹೋಗುತ್ತದೆ. ಭಗವಂತರು ಒಂದು ವರ್ಷ ಉಪವಾಸ ಮಾಡಿದರು, ಆಮೇಲೆ ಶ್ರೇಯಾಂಸನು ಕಬ್ಬಿನ ರಸವನ್ನು ಕೊಟ್ಟನು ಎಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಇದು ಅರ್ಧ ಸತ್ಯ.

ದೀಕ್ಷೆ ಪಡೆದ ಭಗವಂತರು ಕೈಗೊಂಡ ಉಪವಾಸದ ಅವಧಿ ಆರು ತಿಂಗಳು. ಅದು ಅವರ ಸ್ವಂತ ಸಂಕಲ್ಪ. ಅವರೊಡನೆ ದೀಕ್ಷೆ ತಳೆದ ನಾಲ್ಕು ಸಾವಿರ ಅರಸರು ಹಸಿವೆಯನ್ನು ತಾಳಲಾರದೆ ಹೋದರು. ಕಾಡಿನ ಹಣ್ಣು, ಗೆಡ್ಡೆಗಳನ್ನು ತಿಂದರು, ನಾರುಬಟ್ಟೆ ಉಟ್ಟರು, ಮಾರ್ಗಭ್ರಷ್ಟರಾದರು. ಆರು ತಿಂಗಳು ಕಳೆದ ಮೇಲೆ ಭಗವಂತರು ಆಹಾರಕ್ಕಾಗಿ ಹೊರಟದ್ದು ತಮ್ಮ ದೇಹಬಾಧೆಯಿಂದಲ್ಲ ಎಂದು ಜಿನಸೇನರು ಸ್ಪಷ್ಟಪಡಿಸುತ್ತಾರೆ. ಮುಂದೆ ಬರುವ ಮುನಿಗಳು ದೇಹವನ್ನು ಉಳಿಸಿಕೊಂಡು ಮೋಕ್ಷಮಾರ್ಗದಲ್ಲಿ ನಡೆಯಬೇಕು. ಅದಕ್ಕೆ ನಿರ್ದೋಷವಾದ ಆಹಾರವನ್ನು ಸ್ವೀಕರಿಸುವ ಕ್ರಮವನ್ನು ಲೋಕಕ್ಕೆ ತೋರಿಸಿಕೊಡಬೇಕು. ಇದೇ ಅವರ ಉದ್ದೇಶವಾಗಿತ್ತು.

ಉಳಿದ ಆರು ತಿಂಗಳ ಹಸಿವೆ ಭಗವಂತರ ವ್ರತವಲ್ಲ, ಪ್ರಜೆಗಳ ಅಜ್ಞಾನ. ಮೌನದಿಂದ, ಯಾಚನೆಯಿಲ್ಲದೆ ಊರಿಂದೂರಿಗೆ ನಡೆದು ಬರುತ್ತಿದ್ದ ತಮ್ಮ ಹಿಂದಿನ ದೊರೆಯನ್ನು ಕಂಡು ಜನ ಓಡಿ ಬಂದರು. ಅವರಿಗೆ ಭಕ್ತಿಯ ಕೊರತೆ ಇರಲಿಲ್ಲ, ಸಂಪತ್ತಿನ ಕೊರತೆಯೂ ಇರಲಿಲ್ಲ. ಕೆಲವರು ರತ್ನಗಳನ್ನು ತಂದರು, ಕೆಲವರು ಆನೆ ಕುದುರೆಗಳನ್ನು, ಕೆಲವರು ವಸ್ತ್ರಾಭರಣಗಳನ್ನು. ಕನ್ಯೆಯರನ್ನು ಕರೆತಂದು ನಿಲ್ಲಿಸಿದವರೂ ಇದ್ದರು. ಸ್ನಾನಭೋಜನಗಳಿಗೆ ಕರೆದವರಿಗೂ ಮುನಿಗೆ ಕೊಡುವ ವಿಧಿ ತಿಳಿದಿರಲಿಲ್ಲ. ಭಗವಂತರು ಯಾವುದನ್ನೂ ಮುಟ್ಟದೆ ಮುಂದೆ ನಡೆದರು. ತಾವು ಮಾಡಿದ ತಪ್ಪೇನೆಂದು ತಿಳಿಯದೆ ಜನ ದುಃಖಪಟ್ಟರು.

ಹೀಗೆ ಒಂದು ವರ್ಷ ಕಳೆದು ಅವರು ಕುರುಜಾಂಗಲದ ಹಸ್ತಿನಾಪುರಕ್ಕೆ ಬಂದರು. ಅಲ್ಲಿಯ ಅರಸು ಸೋಮಪ್ರಭ. ಅವನ ತಮ್ಮ ಶ್ರೇಯಾಂಸ. ಭಗವಂತರನ್ನು ಕಂಡ ಕೂಡಲೇ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ಹಿಂದಿನ ಒಂದು ಜನ್ಮದಲ್ಲಿ ಭಗವಂತರ ಜೀವವು ವಜ್ರಜಂಘನೆಂಬ ಅರಸಾಗಿದ್ದಾಗ ಶ್ರೇಯಾಂಸನ ಜೀವವು ಅವನ ರಾಣಿ ಶ್ರೀಮತಿಯಾಗಿತ್ತು. ಆ ದಂಪತಿಗಳು ಪ್ರಯಾಣದ ನಡುವೆ ಕಾಡಿನ ಸರೋವರದ ದಡದಲ್ಲಿ ಇಬ್ಬರು ಚಾರಣಮುನಿಗಳಿಗೆ ಆಹಾರವಿತ್ತಿದ್ದರು. ಆ ನೆನಪಿನೊಡನೆ ವಿಧಿಯೂ ಮರಳಿತು. ಶ್ರೇಯಾಂಸನು ಅಣ್ಣ ಸೋಮಪ್ರಭ, ಅತ್ತಿಗೆ ಲಕ್ಷ್ಮೀಮತಿಯರೊಡನೆ ಭಗವಂತರನ್ನು ಬರಮಾಡಿಕೊಂಡು, ನವಧಾಭಕ್ತಿಯಿಂದ, ಅವರ ಅಂಜಲಿಯಲ್ಲಿ ಪ್ರಾಸುಕವಾದ ಇಕ್ಷುರಸವನ್ನೆರೆದನು. ಭರತ ಚಕ್ರವರ್ತಿಯೇ ಶ್ರೇಯಾಂಸನನ್ನು ಸನ್ಮಾನಿಸಿ, ಭಗವಂತರ ಮೌನದ ಅಭಿಪ್ರಾಯವನ್ನು ಹೇಗೆ ತಿಳಿದೆಯೆಂದು ಕೇಳಿದನು. ಧರ್ಮತೀರ್ಥವನ್ನು ಪ್ರವರ್ತಿಸಿದವರು ವೃಷಭನಾಥರಾದರೆ ದಾನತೀರ್ಥವನ್ನು ಪ್ರವರ್ತಿಸಿದವನು ಶ್ರೇಯಾಂಸ ಎಂಬ ಗೌರವ ಅಂದಿನಿಂದ ನಿಂತಿತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಆರು ತಿಂಗಳ ಕಾಲ ರತ್ನ ಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಬೊಗಸೆ ಕಬ್ಬಿನ ರಸ ಕೊಟ್ಟವನ ಹೆಸರು ಉಳಿದಿದೆ. ಮೊದಲಿನವರು ತಮ್ಮಲ್ಲಿ ಅತ್ಯಂತ ಬೆಲೆಯುಳ್ಳದ್ದನ್ನು ಕೊಟ್ಟರು. ಶ್ರೇಯಾಂಸನು ಎದುರು ನಿಂತವರಿಗೆ ಬೇಕಾದದ್ದನ್ನು ಕೊಟ್ಟನು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ದಾನದ ಹೆಚ್ಚುಗಾರಿಕೆಯನ್ನು ಅಳೆಯಲು ವಿಧಿ, ದ್ರವ್ಯ, ದಾತೃ, ಪಾತ್ರ ಎಂದು ನಾಲ್ಕು ಅಳತೆಗಳನ್ನು ಹೇಳಿದ್ದಾರೆ. ಬೆಲೆ ಆ ನಾಲ್ಕರಲ್ಲಿ ಇಲ್ಲ.

ಓದುಗರು ಬಿಟ್ಟುಹೋದ ಪುಟ

ಕನ್ನಡದಲ್ಲಿ ಈ ಕಥೆಗೆ ದೊಡ್ಡ ಪರಂಪರೆಯಿದೆ. ಪಂಪನು 941ರಲ್ಲಿ ಆದಿಪುರಾಣವನ್ನು ಬರೆದನು. 978ರಲ್ಲಿ ಚಾವುಂಡರಾಯನು ಅರವತ್ಮೂರು ಶಲಾಕಾಪುರುಷರ ಚರಿತೆಯನ್ನು ಗದ್ಯದಲ್ಲಿ ತಂದನು. ಆದರೆ ಕನ್ನಡ ಓದುಗರು ಪಂಪನ ಕಾವ್ಯದಿಂದ ಆರಿಸಿಕೊಂಡದ್ದು ಎರಡು ಚಿತ್ರಗಳನ್ನು: ನೀಲಾಂಜನೆಯ ನೃತ್ಯ ಮತ್ತು ಭರತ-ಬಾಹುಬಲಿಯರ ಯುದ್ಧ. ಪಠ್ಯಪುಸ್ತಕಗಳೂ ವಿಮರ್ಶಕರೂ ಮರಳಿ ಮರಳಿ ಇವನ್ನೇ ಎತ್ತಿಕೊಂಡಿದ್ದಾರೆ. ಎರಡೂ ತ್ಯಾಗದ ಚಿತ್ರಗಳು. ಒಂದರಲ್ಲಿ ತಂದೆ ರಾಜ್ಯವನ್ನು ಬಿಡುತ್ತಾನೆ, ಇನ್ನೊಂದರಲ್ಲಿ ಮಗ ಗೆದ್ದದ್ದನ್ನು ಬಿಡುತ್ತಾನೆ. ಅವು ಕಾವ್ಯದ ಶಿಖರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಾಜ್ಯ ಬಿಡುವ ಪ್ರಸಂಗ ಸಂಸಾರಸ್ಥನ ಬಾಳಿನಲ್ಲಿ ಬರುವುದು ಅಪರೂಪ. ಬಾಗಿಲಿಗೆ ಬಂದ ಒಬ್ಬರಿಗೆ ಏನು ಕೊಡಬೇಕೆಂಬ ಪ್ರಶ್ನೆ ದಿನವೂ ಬರುತ್ತದೆ. ಹಸ್ತಿನಾಪುರದ ಪ್ರಸಂಗವೇ ಗೃಹಸ್ಥನಿಗಾಗಿ ಬರೆದ ಪುಟ. ಅದೇ ಪುಟವನ್ನು ಗೃಹಸ್ಥರು ಬಿಟ್ಟು ಓದುತ್ತಿದ್ದಾರೆ.

ಹದಿನಾರನೆಯ ಶತಮಾನದ ರತ್ನಾಕರವರ್ಣಿ ಇದನ್ನು ಚೆನ್ನಾಗಿ ಅರಿತಿದ್ದನು. ಭರತೇಶ ವೈಭವದಲ್ಲಿ ಷಟ್ಖಂಡಾಧಿಪತಿಯಾದ ಭರತನು ತಾನು ಉಣ್ಣುವ ಮೊದಲು ಮುನಿಗಳ ಆಗಮನಕ್ಕಾಗಿ ಅರಮನೆಯ ಬಾಗಿಲಲ್ಲಿ ಕಾದು ನಿಲ್ಲುತ್ತಾನೆ. ಚಕ್ರವರ್ತಿಯ ವೈಭವವನ್ನು ವರ್ಣಿಸಲು ಹೊರಟ ಕವಿ ಕಾವ್ಯದ ಆರಂಭದಲ್ಲೇ ಅವನನ್ನು ಕಾಯುವವನ ಸ್ಥಾನದಲ್ಲಿ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಶ್ರೇಯಾಂಸನಿಗೆ ಭರತನು ಕೇಳಿದ ಪ್ರಶ್ನೆಯ ಉತ್ತರವನ್ನು ಅವನು ಜೀವನದಲ್ಲಿ ಅಳವಡಿಸಿಕೊಂಡನೆಂಬಂತೆ ಈ ಚಿತ್ರವಿದೆ.

ಪುರಾಣಕಾರರ ಬಗ್ಗೆಯೂ ಒಂದು ಆಕ್ಷೇಪವನ್ನು ಮರೆಮಾಚದೆ ಹೇಳಬೇಕು. ಶ್ರೇಯಾಂಸನ ಅಂಗಳದಲ್ಲಿ ಪಂಚಾಶ್ಚರ್ಯಗಳಾದವು. ರತ್ನಗಳ ಮಳೆ ಸುರಿಯಿತು, ಪುಷ್ಪವೃಷ್ಟಿಯಾಯಿತು, ದೇವದುಂದುಭಿ ಮೊಳಗಿತು, ಸುಗಂಧದ ಗಾಳಿ ಬೀಸಿತು, ದಾನವನ್ನು ಹೊಗಳುವ ಧ್ವನಿ ಆಕಾಶದಲ್ಲಿ ಕೇಳಿಸಿತು. ಈ ವರ್ಣನೆ ಎಷ್ಟು ಸೊಗಸಾಗಿದೆಯೆಂದರೆ ಕೇಳುಗರ ಮನಸ್ಸಿನಲ್ಲಿ ರಸದ ಬೊಗಸೆ ಮರೆಯಾಗಿ ರತ್ನದ ಮಳೆ ಉಳಿದುಬಿಡುತ್ತದೆ. ಒಂದು ಬೊಗಸೆ ಕೊಟ್ಟರೆ ಅಂಗಳ ತುಂಬ ಬರುತ್ತದೆ ಎಂಬ ಲೆಕ್ಕ ಅಲ್ಲಿಂದಲೇ ಹುಟ್ಟುತ್ತದೆ. ಚಿನ್ನದ ಅಂಗಡಿಯ ಜಾಹೀರಾತಿಗೆ ಬೇಕಾದ ಬೀಜ ಪುರಾಣದ ಅಲಂಕಾರದಲ್ಲೇ ಇದ್ದಂತಾಯಿತು.

ಆದರೆ ಪುರಾಣವನ್ನು ಪೂರ್ತಿಯಾಗಿ ಓದಿದವರಿಗೆ ಈ ಭ್ರಮೆ ನಿಲ್ಲದು. ದಾತೃವಿನ ಏಳು ಗುಣಗಳನ್ನು ಜಿನಸೇನರು ಎಣಿಸಿದ್ದಾರೆ: ಶ್ರದ್ಧೆ, ಶಕ್ತಿ, ಭಕ್ತಿ, ವಿಜ್ಞಾನ, ಅಲುಬ್ಧತೆ, ಕ್ಷಮೆ, ತ್ಯಾಗ. ಇವುಗಳಲ್ಲಿ ಅಲುಬ್ಧತೆಯೆಂದರೆ ಕೊಟ್ಟದ್ದಕ್ಕೆ ಪ್ರತಿಫಲವನ್ನು ಬಯಸದಿರುವುದು. ವಿಜ್ಞಾನವೆಂದರೆ ಏನನ್ನು, ಯಾರಿಗೆ, ಯಾವಾಗ, ಹೇಗೆ ಕೊಡಬೇಕೆಂಬ ತಿಳಿವಳಿಕೆ. ರತ್ನವೃಷ್ಟಿಯನ್ನು ನಿರೀಕ್ಷಿಸಿ ರಸವೆರೆದಿದ್ದರೆ ಶ್ರೇಯಾಂಸನು ಏಳರಲ್ಲಿ ಒಂದನ್ನು ಕಳೆದುಕೊಳ್ಳುತ್ತಿದ್ದನು. ಶ್ರೀಮತಿ-ವಜ್ರಜಂಘರ ಆ ಹಿಂದಿನ ದಾನವನ್ನು ಕಾಡಿನಲ್ಲಿ ನಿಂತು ನೋಡಿದ ಹುಲಿ, ಹಂದಿ, ಕೋತಿ, ಮುಂಗುಸಿಗಳು ಏನನ್ನೂ ಕೊಡಲಿಲ್ಲ, ಏನನ್ನೂ ಪಡೆಯಲಿಲ್ಲ, ಕಂಡು ಸಂತೋಷಪಟ್ಟವು. ಆ ಅನುಮೋದನೆಯ ಪುಣ್ಯದಿಂದಲೇ ಅವು ಮುಂದೆ ಭಗವಂತರ ಪುತ್ರರಾಗಿ ಹುಟ್ಟುವ ಯೋಗ ಪಡೆದವು. ಕೊಡಲು ಏನೂ ಇಲ್ಲದವನಿಗೂ ದಾನದಲ್ಲಿ ಪಾಲಿದೆ ಎಂದು ಪುರಾಣ ಹೇಳುವ ರೀತಿ ಇದು. ರತ್ನದ ಮಳೆಗಿಂತ ಈ ಮಾತು ಬಸದಿಯ ಪ್ರವಚನಗಳಲ್ಲಿ ಹೆಚ್ಚಾಗಿ ಕೇಳಬೇಕಾಗಿತ್ತು.

ಚಿನ್ನದ ತದಿಗೆ

ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿಗಳು ಪೂರ್ಣ ಮುಹೂರ್ತ, ಬಲಿಪಾಡ್ಯಮಿ ಅರ್ಧ ಮುಹೂರ್ತ. ಹೀಗೆ ಮೂರೂವರೆ ಮುಹೂರ್ತಗಳ ಲೆಕ್ಕ ಹಳೆಯದು. ಒಳ್ಳೆಯ ಕೆಲಸಕ್ಕೆ ಆ ದಿನ ಪಂಚಾಂಗ ಕೇಳಬೇಕಾಗಿಲ್ಲ ಎಂಬುದು ಅದರ ಅರ್ಥ. ಚಿನ್ನ ಕೊಳ್ಳಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಗುವವರೆಗೆ ಗಟ್ಟಿ ಚಿನ್ನ ಇಟ್ಟುಕೊಳ್ಳುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳಿದ್ದವು. ಆ ವರ್ಷಗಳಲ್ಲೂ ಅಕ್ಷಯ ತದಿಗೆ ಬರುತ್ತಿತ್ತು, ಬಸದಿಗಳಲ್ಲಿ ಇಕ್ಷುರಸದ ಅಭಿಷೇಕವಾಗುತ್ತಿತ್ತು. ನಿರ್ಬಂಧ ಹೋದ ಮೇಲಿನ ದಶಕಗಳಲ್ಲಿ ಪತ್ರಿಕೆಗಳ ಪುಟಗಟ್ಟಲೆ ಜಾಹೀರಾತು ಬಂದಿತು, ರೂಢಿ ಬೆಳೆಯಿತು, ಬೆಳೆದ ರೂಢಿಗೆ ಶಾಸ್ತ್ರದ ಹೆಸರೂ ಅಂಟಿಕೊಂಡಿತು.

ವಾಣಿಜ್ಯವನ್ನು ಹೀಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಭಗವಾನ್ ವೃಷಭನಾಥರೇ ಪ್ರಜೆಗಳಿಗೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ವಾಣಿಜ್ಯವೂ ಒಂದು. ಮಗಳ ಮದುವೆಗೆಂದು ಒಂದು ಗ್ರಾಂ, ಎರಡು ಗ್ರಾಂ ಕೂಡಿಡುವ ತಾಯಿಯ ಬುದ್ಧಿವಂತಿಕೆಯನ್ನು ಯಾರೂ ಲೋಭವೆನ್ನಲಾರರು. ಆಪತ್ಕಾಲದಲ್ಲಿ ಅದೇ ಚಿನ್ನ ಮನೆಯನ್ನು ಕಾಯುತ್ತದೆ. ಗೃಹಸ್ಥನಿಗೆ ಚಿನ್ನ ನಿಷಿದ್ಧವಲ್ಲ. ಅವನಿಗೆ ವಿಧಿಸಿದ್ದು ಪರಿಮಾಣ. ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳಿಗೆ ತಾನೇ ಹಾಕಿಕೊಂಡ ಮಿತಿಯನ್ನು ಮೀರುವುದು ಅಣುವ್ರತಕ್ಕೆ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಮಿತಿಯನ್ನೇ ಹಾಕಿಕೊಳ್ಳದೆ ವರ್ಷಕ್ಕೊಮ್ಮೆ ಧರ್ಮದ ಹೆಸರಿನಲ್ಲಿ ಕೂಡಿಡುವ ಪದ್ಧತಿಗೆ ಆ ಗ್ರಂಥದಲ್ಲಿ ಬೆಂಬಲ ಸಿಗದು.

ಲೆಕ್ಕದ ಪುಸ್ತಕವನ್ನೇ ತೆರೆದರೂ ಪೇಟೆಯ ‘ಅಕ್ಷಯ’ ನಿಲ್ಲುವುದಿಲ್ಲ. ಆಭರಣವನ್ನು ಕೊಳ್ಳುವಾಗ ಚಿನ್ನದ ಬೆಲೆಯ ಮೇಲೆ ಮಜೂರಿ ಕೊಡಬೇಕು. 2017ರ ಜುಲೈ 1ರಿಂದ ಶೇಕಡಾ 3ರ ಸರಕು ಮತ್ತು ಸೇವಾ ತೆರಿಗೆ ಬೇರೆ. ಮರುದಿನವೇ ಮಾರಲು ಹೋದರೆ ಮಜೂರಿಯೂ ತೆರಿಗೆಯೂ ಹಿಂದಿರುಗುವುದಿಲ್ಲ. ಕೊಂಡ ಕ್ಷಣದಲ್ಲೇ ಕ್ಷಯಕ್ಕೆ ತೊಡಗುವ ವಸ್ತುವನ್ನು ಅಕ್ಷಯವೆಂದು ಖಾತೆಯಲ್ಲಿ ಬರೆಯಲು ಯಾವ ಗುಮಾಸ್ತನೂ ಒಪ್ಪನು. ಬೆಲೆ ಏರಿದರೆ ಲಾಭ ಬರಬಹುದು. ಅದು ವ್ಯಾಪಾರ, ವ್ರತವಲ್ಲ.

ಈ ಮುಹೂರ್ತದ ನೆಪದಲ್ಲಿ ನಡೆಯುವ ಇನ್ನೊಂದು ಅನರ್ಥವನ್ನೂ ಹೇಳದಿರಲಾಗದು. ಮುಹೂರ್ತ ನೋಡಬೇಕಾಗಿಲ್ಲವೆಂಬ ಕಾರಣಕ್ಕೆ ಈ ದಿನ ದೇಶದ ಹಲವೆಡೆ ಬಾಲ್ಯವಿವಾಹಗಳು ನಡೆಯುತ್ತ ಬಂದಿವೆ. 1929ರ ಶಾರದಾ ಕಾಯಿದೆಯಿಂದ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯವರೆಗೆ ಕಾನೂನುಗಳು ಬಂದವು. ಕರ್ನಾಟಕವು ತನ್ನ ತಿದ್ದುಪಡಿಯಿಂದ ಅಂಥ ವಿವಾಹವನ್ನು ಮೂಲತಃ ಅಸಿಂಧುವೆಂದು ಮಾಡಿತು. ಆದರೂ ಅಧಿಕಾರಿಗಳು ಈ ತದಿಗೆಯಂದು ಕಾವಲು ಕಾಯಬೇಕಾಗಿದೆ. ಭಗವಂತರ ಮುಂದೆ ತಂದು ನಿಲ್ಲಿಸಿದ್ದು ರತ್ನಗಳನ್ನು ಮತ್ತು ಕನ್ಯೆಯರನ್ನು. ಅವರು ಸ್ವೀಕರಿಸದೆ ನಡೆದದ್ದು ಇವೆರಡನ್ನೂ. ಅದೇ ದಿನದ ನೆನಪಿನಲ್ಲಿ ಲೋಕ ರತ್ನವನ್ನು ಕೊಳ್ಳುತ್ತಿದೆ, ಎಳೆಯ ಹೆಣ್ಣುಮಕ್ಕಳನ್ನು ಕೊಡುತ್ತಿದೆ.

ಕಬ್ಬಿನ ಹಾಲು, ಕಬ್ಬಿನ ಬಿಲ್ಲು

ತುಕ್ಕಾನಟ್ಟಿಯ ಸುತ್ತಲಿನ ಸೀಮೆಗೆ ಈ ಪುರಾಣ ದೂರದ್ದಲ್ಲ. ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಬಂದ ಮೇಲೆ ಕಾಲುವೆಯ ನೀರು ಹರಿದು, ಹುಕ್ಕೇರಿ-ಗೋಕಾಕಗಳ ಎರೆಭೂಮಿಯಲ್ಲಿ ಕಬ್ಬು ಹಬ್ಬಿತು. ತುಕ್ಕಾನಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವೊಂದಿದೆ. ಗೋಕಾಕದ ಕರದಂಟಿನ ಸಿಹಿ ಬೆಲ್ಲದ್ದು. ಬೆಳಗಾವಿ ಜಿಲ್ಲೆಯ ಜೈನರಲ್ಲಿ ಒಕ್ಕಲುತನದವರೇ ಹೆಚ್ಚು. ಬೇರೆ ಪ್ರಾಂತಗಳಲ್ಲಿ ಜೈನನೆಂದರೆ ಅಂಗಡಿಯ ಗಾದಿ ನೆನಪಾದರೆ ಇಲ್ಲಿ ನೇಗಿಲು ನೆನಪಾಗುತ್ತದೆ. ಕಬ್ಬಿನ ರಸವನ್ನು ತೆಗೆದು ಬಳಸುವ ಬಗೆಯನ್ನು ಪ್ರಜೆಗಳಿಗೆ ಕಲಿಸಿದ್ದರಿಂದಲೇ ಭಗವಂತರಿಗೆ ಇಕ್ಷ್ವಾಕು ಎಂಬ ಹೆಸರು ಬಂದಿತೆಂದು ಜಿನಸೇನರು ಹೇಳುತ್ತಾರೆ. ತಾವು ಕಲಿಸಿದ ಕಬ್ಬಿನ ರಸವೇ ತಮ್ಮ ಅಂಜಲಿಗೆ ಬಂದಿತು. ಈ ನಾಡಿನ ರೈತ ಕಬ್ಬಿನ ರಸವನ್ನು ‘ಕಬ್ಬಿನ ಹಾಲು’ ಎನ್ನುತ್ತಾನೆ. ಆ ಮಾತಿನಲ್ಲಿ ತಾಯ್ತನವಿದೆ.

ಆದುದರಿಂದಲೇ ಇಲ್ಲಿಯ ಬಸದಿಯಲ್ಲಿ ತದಿಗೆಯ ದಿನ ರಸವೆರೆಯುವ ಶ್ರಾವಕನು, ದ್ರವ್ಯಶುದ್ಧಿಯೆಂದರೆ ರಸವನ್ನು ಬಟ್ಟೆಯಲ್ಲಿ ಸೋಸುವುದಷ್ಟೇ ಅಲ್ಲವೆಂದು ತಿಳಿಯಬೇಕು. ಆ ಕಬ್ಬನ್ನು ಬೆಳೆದವನಿಗೆ ಬೆಲೆ ಸಂದಿದೆಯೇ? ಕಡಿದ ಗ್ಯಾಂಗಿನವರ ಕೂಲಿ ಚುಕ್ತಾ ಆಗಿದೆಯೇ? ಹೇರು ಎಳೆದ ಎತ್ತುಗಳ ಹೆಗಲು ಹೇಗಿದೆ? 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಬೇಕು. ಕಬ್ಬಿನ ಬಿಲ್ಲಿಗಾಗಿ ಕಾಯುವ ರೈತನಿಗೆ ಈ ಆದೇಶ ಎಷ್ಟು ಸಲ ಕಾಗದವಾಗಿಯೇ ಉಳಿದಿದೆ ಎಂಬುದು ಈ ಸೀಮೆಯ ಮನೆಮನೆಗೂ ಗೊತ್ತು. 2025ರ ನವೆಂಬರ್ ತಿಂಗಳ ಮೊದಲ ದಿನಗಳಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ದರ ಕೇಳಿ ಹಗಲಿರುಳು ರಸ್ತೆಯಲ್ಲಿ ಕುಳಿತದ್ದನ್ನು ನಾಡೆಲ್ಲ ಕಂಡಿತು. ನವೆಂಬರ್ 7ರಂದು ಸರಕಾರ 3,300 ರೂಪಾಯಿಯ ದರವನ್ನು ಪ್ರಕಟಿಸಿತು. ದರದ ನ್ಯಾಯಾನ್ಯಾಯವನ್ನು ತೀರ್ಮಾನಿಸುವುದು ಬೇರೆ ವಿಷಯ. ಆದರೆ ಬೆಳೆದವನು ಬೀದಿಯಲ್ಲಿರುವಾಗ ಅವನು ಬೆಳೆದದ್ದರಿಂದ ಅಭಿಷೇಕ ಮಾಡುವ ಕೈ ಒಂದು ಕ್ಷಣವಾದರೂ ತಡೆಯಬೇಕು.

ನ್ಯಾಯದಿಂದ ಗಳಿಸಿದ ದ್ರವ್ಯವೇ ದಾನಕ್ಕೆ ಯೋಗ್ಯವೆಂಬುದು ಶ್ರಾವಕಾಚಾರದ ಮೊದಲ ಪಾಠ. ಜೈನರಲ್ಲಿ ಕಬ್ಬು ಬೆಳೆಯುವವರಿದ್ದಾರೆ, ಗಾಣ ನಡೆಸುವವರಿದ್ದಾರೆ, ಬೆಲ್ಲದ ದಲಾಲಿ ಮಾಡುವವರಿದ್ದಾರೆ, ಕೂಲಿ ಕೊಡುವವರಿದ್ದಾರೆ. ತದಿಗೆಯ ಹಿಂದಿನ ದಿನ ಕುಳಿತು, ಯಾರಿಗೆ ಎಷ್ಟು ಬಾಕಿಯಿದೆಯೆಂದು ನೋಡಿ, ಸಾಧ್ಯವಾದಷ್ಟನ್ನು ತೀರಿಸಿದರೆ ಅದು ಇಕ್ಷುರಸಕ್ಕೆ ನಿಜವಾದ ಪ್ರಾಸುಕತೆ. ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಕಾಲಾತಿಕ್ರಮವೂ ಒಂದು. ಹೊತ್ತು ಮೀರಿ ಕೊಟ್ಟದ್ದು ಕೊಟ್ಟಂತಾಗದೆಂದು ಅದರ ಭಾವ. ಅತಿಥಿಗೆ ಹೇಳಿದ ಈ ಮಾತು ಕೂಲಿಯವನಿಗೆ ಇನ್ನಷ್ಟು ಸಲ್ಲುತ್ತದೆ.

ವೃಷಭ ಮತ್ತು ಬಸವ

ಈ ದಿನವನ್ನು ಹಂಚಿಕೊಂಡವರ ಕಡೆಗೆ ನೋಡಿದರೆ ಇನ್ನೊಂದು ಪಾಠ ದೊರೆಯುತ್ತದೆ. ಕನ್ನಡದ ‘ಬಸವ’ ಎಂಬ ಶಬ್ದ ಸಂಸ್ಕೃತದ ‘ವೃಷಭ’ದ ತದ್ಭವ. ವೃಷಭನಾಥರ ಲಾಂಛನವೂ ವೃಷಭವೇ. ಹನ್ನೆರಡನೆಯ ಶತಮಾನದ ಬಸವಣ್ಣನವರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಗೆ 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ನಾಂದಿ ಹಾಡಿದರು. ಹಳ್ಳಿಗಳಲ್ಲಿ ಆ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ ಮೆರವಣಿಗೆ ಮಾಡುತ್ತಾರೆ. ನೊಗದಿಂದ ಅವಕ್ಕೆ ಒಂದು ದಿನದ ಬಿಡುಗಡೆ. ಜೈನರು ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸುವ ಅಭಯದಾನವನ್ನು ಆ ರೈತನು ಹೆಸರಿಲ್ಲದೆ ಮಾಡುತ್ತಿದ್ದಾನೆ.

ಶರಣರಿಗೂ ಜೈನರಿಗೂ ಹಿಂದೆ ವಾದಗಳಾಗಿವೆ, ಸಂಘರ್ಷಗಳೂ ಆಗಿವೆ. ಚರಿತ್ರೆಯನ್ನು ಅಳಿಸಬೇಕಾಗಿಲ್ಲ. ಆದರೆ ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ಅವರ ತತ್ತ್ವವೂ, ನ್ಯಾಯಾರ್ಜಿತವನ್ನು ಸತ್ಪಾತ್ರಕ್ಕೆ ಕೊಡಬೇಕೆಂಬ ಶ್ರಾವಕಧರ್ಮವೂ ಗೃಹಸ್ಥನನ್ನು ಕರೆದೊಯ್ಯುವುದು ಒಂದೇ ಕಡೆಗೆ. ಈದ್-ಉಲ್-ಫಿತ್ರ್ ದಿನ ಮುಸಲ್ಮಾನರು ನಮಾಜಿಗೆ ಮೊದಲೇ ಬಡವರಿಗೆ ಫಿತ್ರಾ ಸಲ್ಲಿಸಬೇಕು. ಅದರ ಮೂಲ ಅಳತೆ ಧಾನ್ಯದ್ದು. 2022ರ ಮೇ 3ರಂದು ಒಂದೇ ಊರಿನ ಮೂರು ಬೀದಿಗಳಲ್ಲಿ ಇಕ್ಷುರಸ, ದಾಸೋಹದ ಪ್ರಸಾದ, ಫಿತ್ರಾದ ಧಾನ್ಯಗಳು ಕೊಡುವ ಕೈಯಿಂದ ಪಡೆಯುವ ಕೈಗೆ ಸಾಗಿದವು. ಮೂರೂ ತಿನ್ನುವ, ಕುಡಿಯುವ ಪದಾರ್ಥಗಳು. ಅವುಗಳಲ್ಲಿ ಬಂಗಾರವಿರಲಿಲ್ಲ. ವೈಶಾಖದ ಬಿಸಿಲಿನಲ್ಲಿ ಉದಕುಂಭವನ್ನು ಕೊಡುವ ವೈದಿಕರ ಪದ್ಧತಿಯನ್ನೂ ಇವುಗಳ ಜೊತೆ ಇಟ್ಟರೆ, ಈ ದಿನವನ್ನು ಕಟ್ಟಿದ ಹಿರಿಯರೆಲ್ಲರಿಗೂ ಹಸಿದವನ, ಬಾಯಾರಿದವನ ಮುಖವೇ ಕಣ್ಣಮುಂದೆ ಇತ್ತೆಂಬುದು ಸ್ಪಷ್ಟ.

ಬಸದಿಗಳ ಹೊಣೆ

ಕೊನೆಯದಾಗಿ ಬಸದಿಗಳ ಟ್ರಸ್ಟುಗಳ ವಿಚಾರ. ಅನೇಕ ಕಡೆ ತದಿಗೆಯಂದು ಪ್ರಥಮ ರಸಾಭಿಷೇಕದ ಅವಕಾಶವನ್ನು ಸವಾಲಿಗೆ ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ಮೊದಲ ಕಲಶ. ಬಸದಿಯ ಜೀರ್ಣೋದ್ಧಾರಕ್ಕೆ ಹಣ ಬೇಕು, ಸವಾಲಿನಿಂದ ಹಣ ಬರುತ್ತದೆ ಎಂಬ ಸಮಾಧಾನ ನಿರಾಧಾರವಲ್ಲ. ಆದರೆ ಸವಾಲು ಅಳೆಯುವುದು ಬೆಲೆಯನ್ನು. ಶ್ರೇಯಾಂಸನ ದಿನವು ಬೆಲೆಯ ಅಳತೆಯನ್ನೇ ತಿರಸ್ಕರಿಸಿದ ದಿನ. ವರ್ಷದ ಉಳಿದ ದಿನಗಳಲ್ಲಿ ಸವಾಲು ನಡೆಯಲಿ. ಈ ಒಂದು ದಿನ ಮೊದಲ ಕಲಶವು ಊರಿನ ಅತ್ಯಂತ ಬಡ ಶ್ರಾವಕನ ಅಥವಾ ಕಬ್ಬು ತಂದುಕೊಟ್ಟ ರೈತನ ಕೈಗೆ ಹೋಗಲಿ. ಉಳಿದವರು ಅನುಮೋದಿಸಲಿ.

ವಿಧಿಯನ್ನು ಮರೆಯುವುದು, ಮತ್ತೊಬ್ಬರು ನೆನಪಿಸುವುದು ಈ ಸಮಾಜಕ್ಕೆ ಹೊಸತಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಗಡಿಸೀಮೆಯಲ್ಲಿ ಮುನಿಗಳ ಆಹಾರಚರ್ಯೆ ಸಡಿಲವಾಗಿತ್ತು. ಮೊದಲೇ ಗೊತ್ತುಮಾಡಿದ ಮನೆಗೆ ಮುನಿಗಳು ಬಟ್ಟೆ ಹೊದ್ದು ಹೋಗುವ, ಊಟದ ಹೊತ್ತಿನಲ್ಲಿ ಅಂತರಾಯದ ಶಬ್ದ ಕಿವಿಗೆ ಬೀಳದಂತೆ ಗಂಟೆ ಬಾರಿಸುವ ರೂಢಿಗಳು ಬೆಳೆದಿದ್ದವು. ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರು ಈ ರೂಢಿಯನ್ನು ಒಪ್ಪಲಿಲ್ಲ. ಆಗಮೋಕ್ತ ವಿಧಿಯಂತೆ ಬರಮಾಡಿಕೊಂಡರೆ ಆಹಾರ, ಇಲ್ಲವಾದರೆ ಉಪವಾಸ ಎಂದು ನಿಂತರು. ಅವರು ಹಿಂದಿರುಗಿ ಹೋದದ್ದನ್ನು ಕಂಡೇ ಶ್ರಾವಕರು ವಿಧಿಯನ್ನು ಕಲಿತರು. ಹಸ್ತಿನಾಪುರದ ಕಥೆ ಬೆಳಗಾವಿಯ ಸೀಮೆಯಲ್ಲಿ ಎರಡನೆಯ ಸಲ ನಡೆದಂತಾಯಿತು.

ಟ್ರಸ್ಟುಗಳು ತದಿಗೆಯ ದಿನ ತಮ್ಮ ಜಮಾಖರ್ಚಿನ ಪುಸ್ತಕದಲ್ಲಿ ನಾಲ್ಕು ಕಾಲಮುಗಳನ್ನು ಹಾಕಿ ನೋಡುವುದು ಉಪಯುಕ್ತ: ಆಹಾರ, ಔಷಧ, ಶಾಸ್ತ್ರ, ಅಭಯ. ಕಳೆದ ವರ್ಷ ಪ್ರತಿಯೊಂದರ ಕೆಳಗೆ ಎಷ್ಟು ಬಿದ್ದಿದೆ? ವಿದ್ಯಾರ್ಥಿಗಳ ಊಟಕ್ಕೆ, ಆಸ್ಪತ್ರೆಯ ಬಿಲ್ಲು ಕಟ್ಟಲಾರದವನಿಗೆ, ಬಡ ಮನೆಯ ಮಕ್ಕಳ ಶಾಲೆಯ ಫೀಗೆ, ಹುಳು ತಿನ್ನುತ್ತಿರುವ ತಾಳೆಗರಿಗಳಿಗೆ, ಮುದಿ ಎತ್ತಿನ ಮೇವಿಗೆ? ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆಯ ಬಂಗಾರ ಎಷ್ಟಿತ್ತೆಂದು ಇಂದು ಯಾರೂ ಕೇಳುವುದಿಲ್ಲ. ಬೇಸಿಗೆಯ ಎರಡು ತಿಂಗಳು ಬಸದಿಯ ಮುಂದೆ ಒಂದು ಅರವಟ್ಟಿಗೆ ಇಡಲು ದೊಡ್ಡ ನಿಧಿ ಬೇಕಾಗಿಲ್ಲ.

ಶ್ರಾವಕರ ಮನೆಗಳಲ್ಲಿ ಒಂದು ಸುಲಭವಾದ ನಿಯಮ ಸಾಧ್ಯ. ತದಿಗೆಯಂದು ಚಿನ್ನ ಕೊಳ್ಳಲೇಬೇಕೆನಿಸಿದರೆ ಕೊಳ್ಳಲಿ. ಅದಕ್ಕೆ ಮೊದಲು ಅದರ ಬೆಲೆಯ ಒಂದು ಭಾಗವನ್ನು, ಹತ್ತರಲ್ಲೊಂದೋ ಇಪ್ಪತ್ತರಲ್ಲೊಂದೋ, ನಾಲ್ಕು ದಾನಗಳಲ್ಲೊಂದಕ್ಕೆ ತೆಗೆದಿಡಲಿ. ಮನೆಯ ಮಕ್ಕಳ ಕೈಯಿಂದಲೇ ಅದನ್ನು ಕೊಡಿಸಲಿ. ಶ್ರೇಯಾಂಸನಿಗೆ ವಿಧಿ ನೆನಪಾದದ್ದು ಹಿಂದೊಮ್ಮೆ ಕೊಟ್ಟಿದ್ದರಿಂದ. ಬಾಲ್ಯದಲ್ಲಿ ಕೊಟ್ಟ ನೆನಪಿದ್ದವನಿಗೆ ದೊಡ್ಡವನಾದ ಮೇಲೆ, ಬಾಗಿಲಲ್ಲಿ ನಿಂತವನಿಗೆ ಏನು ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.